ಹಕ್ಕಿಜ್ವರ: ಕೊಲ್ಲುವುದಕ್ಕಿಂತ ಕಾಯುವುದು ಲೇಸು

2020ರ ಮಾರ್ಚ್ ತಿಂಗಳಿನಲ್ಲಿ ಮೈಸೂರಿನ ಕುಂಬಾರಕೊಪ್ಪಲು ಹಾಗೂ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಸುತ್ತಲಿನ ಕೋಳಿಗಳನ್ನೆಲ್ಲ ಕೊಂದು ಹೂಳಲಾಯಿತು. ಆ ದಿನಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬಂದ ತಾಯಿಯೊಬ್ಬರು, "ಡಾಕ್ಟರೇ, ನಮ್ಮ ಹಿತ್ತಿಲ ಕೋಳಿಗಳಿಗೆ ಏನಾದರೂ ಕಷಾಯ ಕೊಡಿ. ಅವು ಹೋದರೆ ಮಗಳ ಓದಿನ ಖರ್ಚಿಗೆ ದಾರಿಯಿಲ್ಲ" ಎಂದು ಕೈಮುಗಿದರು. ನಲವತ್ತು ವರ್ಷಗಳಿಂದ ಕಷಾಯವನ್ನೇ ನಂಬಿ ಬದುಕಿದ ನಾವು, "ಈ ರೋಗಕ್ಕೆ ನಮ್ಮಲ್ಲಿ ಕಷಾಯವಿಲ್ಲ, ತಾಯಿ" ಎಂದು ನಿಜವನ್ನೇ ಹೇಳಬೇಕಾಯಿತು.

ಕೋಳಿಯನ್ನು ತಿನ್ನದ ನಮಗೆ ಅದರ ಚಿಂತೆ ಏಕೆಂದು ಭಕ್ತರಲ್ಲಿ ಕೆಲವರು ಕೇಳಬಹುದು. ವಾಯು, ಜಲ, ದೇಶ, ಕಾಲಗಳು ಕೆಟ್ಟಾಗ ಭಿನ್ನ ಪ್ರಕೃತಿಯ, ಭಿನ್ನ ಆಹಾರದ ಜನರೂ ಏಕಕಾಲದಲ್ಲಿ ರೋಗಕ್ಕೆ ತುತ್ತಾಗುತ್ತಾರೆಂದು ಚರಕ ಸಂಹಿತೆಯ ವಿಮಾನಸ್ಥಾನವು ಜನಪದೋದ್ಧ್ವಂಸದ ಪ್ರಸಂಗದಲ್ಲಿ ಹೇಳುತ್ತದೆ. ಅಮೆರಿಕದಲ್ಲಿ 2024ರಿಂದ ಈ ವೈರಾಣು ಕರೆಯುವ ಹಸುಗಳಿಗೂ ಹಬ್ಬಿ, ಹಸಿ ಹಾಲಿನಲ್ಲಿಯೂ ಕಂಡುಬಂದಿದೆ. ಕಾಯಿಸಿದ ಹಾಲಿನಿಂದ ಭಯವಿಲ್ಲ. ಆದರೆ ಸಸ್ಯಾಹಾರಿಗಳಾದ ನಾವು ದೂರ ನಿಂತು ನೋಡುವ ರೋಗ ಇದಲ್ಲವೆಂಬುದು ಸ್ಪಷ್ಟ.

2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಈ ರೋಗವು ಭಾರತಕ್ಕೆ ಕಾಲಿಟ್ಟಂದಿನಿಂದಲೂ, ರೋಗ ಕಂಡ ಸ್ಥಳದ ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲುವುದೇ ನಮ್ಮ ಮುಖ್ಯ ಉಪಾಯವಾಗಿದೆ. ರೋಗವನ್ನು ತಡೆಯಲು ಅದು ಅಗತ್ಯವಿರಬಹುದು. ಆದರೆ ಅದೊಂದೇ ಉಪಾಯವಾಗಬಾರದು.

ಲಸಿಕೆಗಳಲ್ಲಿ ಎರಡು ಬಗೆ. ನಿರ್ಜೀವ ಲಸಿಕೆಯನ್ನು ಪ್ರತಿಯೊಂದು ಕೋಳಿಯನ್ನೂ ಹಿಡಿದು ಚುಚ್ಚಬೇಕು. ಸಂಜೆಯಾದೊಡನೆ ಮರವೇರುವ ನಾಟಿ ಕೋಳಿಯ ವಿಷಯದಲ್ಲಿ ಇದು ಸುಲಭವಲ್ಲ. ಜೀವಂತ ಲಸಿಕೆಯಾದರೋ ಕಣ್ಣಿಗೆ ಹನಿಯಾಗಿ, ಕುಡಿಯುವ ನೀರಿನಲ್ಲಿ ಬೆರೆತು ಒಳಸೇರಬಲ್ಲದು. ಕೊಕ್ಕರೆ ರೋಗಕ್ಕೆ ನಮ್ಮ ರೈತರು ಹಾಕಿಸುವ ಲಸೋಟಾ ಲಸಿಕೆಯು ಇಂಥದೇ. ದನಗಳ ದೊಡ್ಡರೋಗವನ್ನು 2011ರ ವೇಳೆಗೆ ಭೂಮಿಯಿಂದಲೇ ಅಳಿಸಿದ್ದೂ ಜೀವಂತ ಲಸಿಕೆಯೇ.

ಹಾಗೆಂದು ಹಕ್ಕಿಜ್ವರದ ವೈರಾಣುವನ್ನೇ ದುರ್ಬಲಗೊಳಿಸಿ ಬಿಡುವುದು ಅಪಾಯಕರ. ಅದರ ವಂಶವಾಹಿಯು ಎಂಟು ತುಂಡುಗಳಲ್ಲಿದ್ದು, ಕಾಡು ವೈರಾಣುವಿನೊಡನೆ ತುಂಡುಗಳನ್ನು ಅದಲುಬದಲು ಮಾಡಿಕೊಂಡು ಹೊಸ ರೂಪ ತಾಳಬಲ್ಲದು. ಆದುದರಿಂದ ವಿಜ್ಞಾನಿಗಳು ಬೇರೆ ಮಾರ್ಗ ಹಿಡಿದಿದ್ದಾರೆ: ಕೊಕ್ಕರೆ ರೋಗದ ದುರ್ಬಲ ವೈರಾಣುವಿನೊಳಗೆ ಹಕ್ಕಿಜ್ವರದ ಒಂದೇ ಒಂದು ವಂಶವಾಹಿಯನ್ನು ಸೇರಿಸುವುದು. ಒಂದೇ ಲಸಿಕೆಯಿಂದ ಎರಡು ರೋಗಗಳಿಗೆ ತಡೆ. ಚೀನಾ ಮತ್ತು ಮೆಕ್ಸಿಕೋ ದೇಶಗಳು ಇಂತಹ ಲಸಿಕೆಯನ್ನು ಬಳಸಿವೆ.

ಇದಕ್ಕೂ ಮಿತಿಗಳಿವೆ. ತಾಯಿಕೋಳಿಯಿಂದ ಬಂದ ಕೊಕ್ಕರೆ ರೋಗದ ಪ್ರತಿರೋಧವು ಮರಿಯಲ್ಲಿದ್ದರೆ, ಲಸಿಕೆಯ ವೈರಾಣು ಬೇರೂರುವ ಮೊದಲೇ ನಾಶವಾಗಬಹುದು. ಹಕ್ಕಿಜ್ವರದ ವೈರಾಣು ಬದಲಾದಂತೆ ಲಸಿಕೆಯೂ ಬದಲಾಗಬೇಕು. ಲಸಿಕೆ ಪಡೆದ ಕೋಳಿಯು ತಾನು ಸಾಯದೆಯೂ ಸೋಂಕನ್ನು ಹರಡಬಲ್ಲದು. ಆದುದರಿಂದ ನಿರಂತರ ರಕ್ತಪರೀಕ್ಷೆ ಬೇಕೇ ಬೇಕು. ಸೇರಿಸಿದ ವಂಶವಾಹಿ ಒಂದೇ ಆದ ಕಾರಣ, ಲಸಿಕೆ ಪಡೆದ ಕೋಳಿ ಯಾವುದು, ಸೋಂಕು ತಗುಲಿದ್ದು ಯಾವುದು ಎಂದು ಆ ಪರೀಕ್ಷೆಯಿಂದ ಗುರುತಿಸಬಹುದು. ಫ್ರಾನ್ಸ್ ದೇಶವು 2023ರ ಅಕ್ಟೋಬರ್‌ನಿಂದ ತನ್ನ ಬಾತುಗಳಿಗೆ ಬೇರೆ ಬಗೆಯ ಲಸಿಕೆಗಳನ್ನು ಹಾಕಿಸುತ್ತಿದೆ. ಅಲ್ಲಿಯೂ ಲಸಿಕೆಯ ಜೊತೆಗೆ ಕಟ್ಟುನಿಟ್ಟಿನ ತಪಾಸಣೆ ನಡೆಯುತ್ತಿದೆ.

ನಮ್ಮ ಅಭಿಪ್ರಾಯ ಇಷ್ಟೇ. ಭೋಪಾಲದ ಉನ್ನತ ಸುರಕ್ಷತೆಯ ಪಶುರೋಗ ಸಂಸ್ಥೆಯು ಹಕ್ಕಿಜ್ವರದ ಸೌಮ್ಯ ಬಗೆಗೆ ನಿರ್ಜೀವ ಲಸಿಕೆಯನ್ನು ಈಗಾಗಲೇ ಸಿದ್ಧಪಡಿಸಿದೆ. ಅಷ್ಟು ಸಾಮರ್ಥ್ಯವಿರುವ ದೇಶವು ಉಗ್ರ ಬಗೆಗೂ ಸುರಕ್ಷಿತವಾದ ಜೀವಂತ ಲಸಿಕೆಯನ್ನು ರೂಪಿಸಲು ಹಣ ಮತ್ತು ಕಾಲವನ್ನು ಕೊಡಬೇಕು. ಬರಿಯ ದೊಡ್ಡ ಫಾರಂಗಳಿಗಲ್ಲ, ಹಿತ್ತಿಲಿನ ನಾಲ್ಕು ಕೋಳಿಗಳಿಗೂ ಅದು ತಲುಪಬೇಕು.

ಅಲ್ಲಿಯವರೆಗೆ ಭಕ್ತರು ಸತ್ತ ಹಕ್ಕಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಬೇಕು. ರೋಗ ಬರುವ ಮೊದಲೇ ಆರೋಗ್ಯವಂತನ ಆರೋಗ್ಯವನ್ನು ಕಾಯುವುದು ಆಯುರ್ವೇದದ ಮೊದಲ ಪ್ರಯೋಜನ. ಲಸಿಕೆಯ ಉದ್ದೇಶವೂ ಅದೇ. ಆ ತಾಯಿ ಮತ್ತೊಮ್ಮೆ ಬಂದು ಕೇಳಿದಾಗ, "ಕಷಾಯವಿಲ್ಲ, ಆದರೆ ಲಸಿಕೆಯಿದೆ" ಎಂದು ಹೇಳುವ ದಿನ ನಮಗೆ ಬರಲಿ.