ಹೂಡಿಕೆ ಬಂದರೆ ಗೆದ್ದಂತೆಯೇ?

ನಮ್ಮ ಹಾಸ್ಟೆಲ್‌ನಲ್ಲಿ ಈಗ ಕೋಣೆಗೊಬ್ಬ ‘ಫೌಂಡರ್’ ಇದ್ದಾನೆ. ಕಂಪನಿಗೆ ಹೆಸರು, ಲೋಗೊ, ಹೂಡಿಕೆದಾರರಿಗೆ ತೋರಿಸುವ ಸ್ಲೈಡ್ ಎಲ್ಲ ಸಿದ್ಧ. ಗ್ರಾಹಕ ಮಾತ್ರ ಸಿಕ್ಕಿಲ್ಲ. ಕ್ಯಾಂಪಸ್ ಸಂದರ್ಶನವನ್ನೇ ಬಿಡಲು ಹೊರಟಿರುವ ಈ ಗೆಳೆಯರಿಗೆ ನಾನು ಹೇಳುವುದು ಡಂಜೊ ಕಥೆ.

ಬೆಂಗಳೂರಿನ ಡಂಜೊ ಶುರುವಾದದ್ದು ವಾಟ್ಸ್‌ಆ್ಯಪ್‌ನಲ್ಲಿ. ಅದು ತಂದುಕೊಡಿ, ಇದು ತಲುಪಿಸಿ ಎಂದು ಜನ ಸಂದೇಶ ಕಳಿಸುತ್ತಿದ್ದರು. ಆ್ಯಪ್ ಬಂದದ್ದು ಆಮೇಲೆ. ಕೋಡ್ ಬರೆಯುವ ಮೊದಲೇ ಬೇಡಿಕೆ ಗೊತ್ತಾಗಿತ್ತು. ಇಷ್ಟನ್ನು ನಾವು ಕಲಿಯಲೇಬೇಕು. 2017ರಲ್ಲಿ ಗೂಗಲ್ ಹಣ ಹಾಕಿತು. 2022ರಲ್ಲಿ ರಿಲಯನ್ಸ್ ರಿಟೇಲ್ ಒಂದೇ 20 ಕೋಟಿ ಡಾಲರ್ ಕೊಟ್ಟಿತು. ನಿಮಿಷಗಳಲ್ಲಿ ದಿನಸಿ ತಲುಪಿಸುವ ಪೈಪೋಟಿ, ಗೋದಾಮು, ಐಪಿಎಲ್ ಜಾಹೀರಾತು ಎಂದು ಖರ್ಚು ಏರಿತು. 2023ರಲ್ಲಿ ಸಂಬಳವೇ ತಡವಾಯಿತು. 2025ರ ಜನವರಿಯಲ್ಲಿ ಆ್ಯಪ್ ನಿಂತಿತು.

ಉದಾಹರಣೆಗೆ, ಒಂದು ಆರ್ಡರಿನಲ್ಲಿ 30 ರೂಪಾಯಿ ಸಿಕ್ಕಿ, ತಲುಪಿಸಲು 50 ಖರ್ಚಾಗುತ್ತದೆ ಎಂದುಕೊಳ್ಳಿ. ಆರ್ಡರ್ ಹೆಚ್ಚಿದಷ್ಟೂ ನಷ್ಟವೇ. ಇದಕ್ಕೆ ಎಂಜಿನಿಯರಿಂಗ್ ಗಣಿತ ಬೇಕಿಲ್ಲ, ಕಿರಾಣಿ ಅಂಗಡಿಯವರ ಲೆಕ್ಕ ಸಾಕು!

ಇದೇ ಊರಿನಲ್ಲಿ 2005ರಲ್ಲಿ ಪುಟ್ಟ ಅಡುಗೆಮನೆಯಲ್ಲಿ ಹುಟ್ಟಿದ ಐಡಿ ಫ್ರೆಶ್, ಇಡ್ಲಿ-ದೋಸೆ ಹಿಟ್ಟನ್ನು ಹತ್ತಿರದ ಅಂಗಡಿಗಳಿಗೆ ಕೊಟ್ಟೇ ಬೆಳೆಯಿತು. ದೊಡ್ಡ ಹೂಡಿಕೆ ಪಡೆದದ್ದು 2014ರಲ್ಲಿ.

ಆದ್ದರಿಂದ ಗೆಳೆಯರೇ, ಸ್ಲೈಡ್ ಬದಿಗಿಡಿ. ಪರಿಚಯವೇ ಇಲ್ಲದ ಹತ್ತು ಜನರಿಗೆ ಪೂರ್ತಿ ಬೆಲೆಗೆ ಮಾರಿ ನೋಡಿ. ಅದರಲ್ಲಿ ಎಷ್ಟು ಮಂದಿ ಎರಡನೇ ಸಲ ಬಂದರು ಎಂದು ಎಣಿಸಿ. ಅಲ್ಲಿಯವರೆಗೆ ಕ್ಯಾಂಪಸ್ ಸಂದರ್ಶನಕ್ಕೂ ಹೋಗಿಬನ್ನಿ. ಶಿಕ್ಷಣ ಸಾಲದ ಕಂತು ಯಾವ ಹೂಡಿಕೆದಾರನಿಗೂ ಕಾಯುವುದಿಲ್ಲ.