ತಂತ್ರಾಂಶವನ್ನು ಕಿತ್ತುಹಾಕುವ ಮುನ್ನ

ಯಾವುದಾದರೊಂದು ಯಂತ್ರ ಕೆಟ್ಟಾಗ, ಕೆಟ್ಟುದು ಏನೆಂಬುದನ್ನು ಹುಡುಕುವ ಗೋಜಿಗೆ ಹೋಗದೆ ಅದನ್ನು ತೆಗೆದಿಟ್ಟು ಹೊಸದೊಂದನ್ನು ತಂದಿರಿಸಬೇಕೆಂಬ ಬುದ್ಧಿ ಹುಟ್ಟುವುದು ಸಹಜ. ಹೊಸ ಯಂತ್ರಕ್ಕೆ ಹಣ ಬೇಕಾದುದರಿಂದ ಸಾಮಾನ್ಯವಾಗಿ ಈ ಬುದ್ಧಿಗೆ ಒಂದು ಕಡಿವಾಣವಿರುತ್ತದೆ. ಗಣಕಯಂತ್ರದ ತಂತ್ರಾಂಶಗಳ ವಿಷಯದಲ್ಲಾದರೋ ಆ ಕಡಿವಾಣವೂ ಇಲ್ಲ. ಕೆಲವು ಗುಂಡಿಗಳನ್ನು ಒತ್ತಿದರೆ ಹಳೆಯದು ಹೋಗುತ್ತದೆ. ಇನ್ನು ಕೆಲವನ್ನು ಒತ್ತಿದರೆ ಹೊಸದು ಬರುತ್ತದೆ. ಆದಕಾರಣವೇ ಛಾಯಾಚಿತ್ರಗಳನ್ನು ತಿದ್ದುವ ತಂತ್ರಾಂಶದಲ್ಲಿ ಕುಂಚ ಬಣ್ಣ ಬಿಡದಿದ್ದರೂ, ಉಪಕರಣಗಳ ಪಟ್ಟಿ ಮಾಯವಾದರೂ, ತಂತ್ರಾಂಶವು ತೆರೆಯುತ್ತಿರುವಾಗಲೇ ಸ್ತಬ್ಧವಾಗಿ ನಿಂತರೂ, ಸುತ್ತಲಿನವರು ಕೊಡುವ ಸಲಹೆ ಒಂದೇ: "ತೆಗೆದುಹಾಕಿ ಮತ್ತೆ ಹಾಕಿಕೊಳ್ಳಿ."

ಈ ಸಲಹೆಯನ್ನು ಅನುಸರಿಸಿದವರಲ್ಲಿ ಅನೇಕರಿಗೆ ಒಂದು ವಿಚಿತ್ರ ಅನುಭವವಾಗಿರುತ್ತದೆ. ಹೊಸದಾಗಿ ಸ್ಥಾಪಿಸಿದ ತಂತ್ರಾಂಶದಲ್ಲಿ ಹಳೆಯ ದೋಷ ಹಾಗೆಯೇ ಪ್ರತ್ಯಕ್ಷವಾಗುತ್ತದೆ! ಇದರಲ್ಲಿ ಮಾಯೆಯೇನೂ ಇಲ್ಲ. ಇದರ ಕಾರಣವನ್ನು ತಿಳಿದುಕೊಳ್ಳುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಎರಡು ವಿಧದಲ್ಲಿ ಪ್ರಯೋಜನಕರ. ಮೊದಲನೆಯದಾಗಿ, ಅವರ ಶ್ರಮವೂ ಚಿತ್ರಗಳೂ ಉಳಿಯುತ್ತವೆ. ಎರಡನೆಯದಾಗಿ, ಪ್ರಯೋಗಶಾಲೆಯಲ್ಲಿ ಕಲಿಸುವ ವಿವೇಚನೆಯು ಪ್ರಯೋಗಶಾಲೆಯ ಹೊರಗೂ ಹೇಗೆ ಉಪಯೋಗಕ್ಕೆ ಬರುತ್ತದೆಂಬುದು ಸ್ಪಷ್ಟವಾಗುತ್ತದೆ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಗಿಂಪ್ ಎಂಬ ತಂತ್ರಾಂಶವನ್ನು ನಮ್ಮ ವಾಚಕರಲ್ಲಿ ಹಲವರು ಬಳಸುತ್ತಿರಬಹುದು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ಇದನ್ನು ರಚಿಸತೊಡಗಿ, 1996ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಯಾರು ಬೇಕಾದರೂ ಹಣ ಕೊಡದೆ ಪಡೆದು ಬಳಸಬಹುದಾದ ತಂತ್ರಾಂಶವಿದು. ಇದನ್ನು ಗಣಕಯಂತ್ರದಲ್ಲಿ ಸ್ಥಾಪಿಸಿದಾಗ, ಕೆಲಸಮಾಡುವ ಮೂಲಕಡತಗಳೆಲ್ಲವೂ ಒಂದು ಸ್ಥಳದಲ್ಲಿ ನೆಲೆಗೊಳ್ಳುತ್ತವೆ. ಇದು ತಂತ್ರಾಂಶದ ಶರೀರವೆನ್ನೋಣ. ಅನಂತರ ನಾವು ಅದನ್ನು ಬಳಸುತ್ತ ಹೋದಂತೆ, ಯಾವ ಉಪಕರಣವನ್ನು ಹೇಗೆ ಹೊಂದಿಸಿಕೊಂಡೆವು, ಕಿಟಕಿಗಳನ್ನು ಎಲ್ಲಿ ಇರಿಸಿದೆವು, ಯಾವ ಕುಂಚಗಳನ್ನು ಕೂಡಿಸಿಕೊಂಡೆವು ಎಂಬಿವೇ ಮೊದಲಾದ ಸಂಗತಿಗಳನ್ನು ಅದು ಬೇರೊಂದು ಸ್ಥಳದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇದು ಅದರ ನೆನಪು. ವಿಂಡೋಸ್ ವ್ಯವಸ್ಥೆಯಲ್ಲಿ ಈ ನೆನಪು ಇರುವುದು ಬಳಕೆದಾರನ ಹೆಸರಿನ ಫೋಲ್ಡರಿನೊಳಗೆ, ಸಾಮಾನ್ಯವಾಗಿ ಕಣ್ಣಿಗೆ ಬೀಳದಂತೆ ಮರೆಮಾಡಿರುವ ಆ್ಯಪ್‌ಡೇಟಾ ಎಂಬ ಫೋಲ್ಡರಿನ ರೋಮಿಂಗ್ ಎಂಬ ಭಾಗದಲ್ಲಿ.

ನಾವು ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಶರೀರ ಮಾತ್ರ, ನೆನಪು ಹೋಗುವುದಿಲ್ಲ. ಮರಳಿ ಸ್ಥಾಪಿಸಿದ ತಂತ್ರಾಂಶವು ಪ್ರಾರಂಭವಾಗುತ್ತಲೇ ಆ ಹಳೆಯ ನೆನಪನ್ನು ಹುಡುಕಿ ಓದಿಕೊಳ್ಳುತ್ತದೆ. ದೋಷವಿದ್ದುದು ನೆನಪಿನಲ್ಲಿಯೇ ಆದರೆ, ಶರೀರವನ್ನು ಹತ್ತು ಸಲ ಬದಲಾಯಿಸಿದರೂ ಫಲವೇನು? ಗರಿಕೆಯ ಗಡ್ಡೆಯನ್ನು ನೆಲದೊಳಗೆ ಬಿಟ್ಟು ಮೇಲಿನ ಎಲೆಯನ್ನು ಕೊಯ್ದಂತಾಯಿತು.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ವಿಷಯವಲ್ಲ. ಉಕ್ಕಿನ ಸಲಾಕೆಗೆ ತಂತಿ ಸುತ್ತಿ ವಿದ್ಯುತ್ತನ್ನು ಹರಿಸಿದರೆ ಅದು ಕಾಂತವಾಗುತ್ತದೆ. ವಿದ್ಯುತ್ತನ್ನು ನಿಲ್ಲಿಸಿದಮಾತ್ರಕ್ಕೆ ಕಾಂತತ್ವ ಪೂರ್ತಿಯಾಗಿ ಹೋಗುವುದಿಲ್ಲ. ಒಂದಂಶ ಉಕ್ಕಿನಲ್ಲಿಯೇ ಉಳಿದುಬಿಡುತ್ತದೆ. ಕಾರಣವನ್ನು ತೆಗೆದರೂ ಕಾರ್ಯ ಉಳಿಯಿತು! ಆ ಶೇಷವನ್ನು ಕಳೆಯಬೇಕಾದರೆ ಬೇರೆಯೇ ಕ್ರಮವನ್ನು ಅನುಸರಿಸಬೇಕು: ದಿಕ್ಕು ಬದಲಾಯಿಸುತ್ತಿರುವ ವಿದ್ಯುತ್ತನ್ನು ಹರಿಸಿ ಅದನ್ನು ಮೆಲ್ಲಮೆಲ್ಲನೆ ಶೂನ್ಯಕ್ಕೆ ಇಳಿಸಬೇಕು, ಇಲ್ಲವೆ ಸಲಾಕೆಯನ್ನು ಚೆನ್ನಾಗಿ ಕಾಯಿಸಬೇಕು. ಶುದ್ಧ ಕಬ್ಬಿಣವಾದರೆ ಸುಮಾರು 770 ಡಿಗ್ರಿ ಸೆಂಟಿಗ್ರೇಡನ್ನು ದಾಟಿದಾಗ ಅದರ ಕಾಂತತ್ವ ಅಳಿಯುತ್ತದೆ. ಮೊದಲನೆಯದು ಸೌಮ್ಯವಾದ ಮಾರ್ಗ. ಎರಡನೆಯದು ಉಗ್ರವಾದುದು, ಉಕ್ಕಿನ ಹದವನ್ನೂ ಕೆಡಿಸಬಲ್ಲುದು. ತಂತ್ರಾಂಶದ ಚಿಕಿತ್ಸೆಯಲ್ಲಿಯೂ ಈ ಎರಡು ಮಾರ್ಗಗಳುಂಟು. ಸೌಮ್ಯವಾದುದನ್ನು ಮೊದಲು ಪರೀಕ್ಷಿಸದೆ ಉಗ್ರವಾದುದಕ್ಕೆ ಕೈಹಾಕಬಾರದೆಂಬುದೇ ನಮ್ಮ ಅಭಿಪ್ರಾಯ.

ಹೀಗೆ ಹೇಳಲು ನಮಗಿರುವ ಮುಖ್ಯ ಕಾರಣ ಇದು. ಪ್ರಯೋಗಶಾಲೆಯಲ್ಲಿ ನಾವು ಕಲಿಸುವ ಮೊದಲನೆಯ ನಿಯಮವೆಂದರೆ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕೆಂಬುದು. ಲೋಲಕದ ಉದ್ದವನ್ನೂ ಗುಂಡನ್ನೂ ತೂಗುವ ಸ್ಥಳವನ್ನೂ ಒಮ್ಮೆಗೇ ಬದಲಾಯಿಸಿದ ವಿದ್ಯಾರ್ಥಿಯು ಆಂದೋಲನಕಾಲ ಏಕೆ ಬದಲಾಯಿತೆಂದು ಹೇಳಲಾರನು. ತಂತ್ರಾಂಶವನ್ನು ಸಂಪೂರ್ಣವಾಗಿ ಕಿತ್ತು ಮರಳಿ ಸ್ಥಾಪಿಸುವುದೆಂದರೆ ನೂರಾರು ಸಂಗತಿಗಳನ್ನು ಒಮ್ಮೆಗೇ ಬದಲಾಯಿಸಿದಂತೆ. ದೋಷ ಹೋದರೆ ಯಾವುದರಿಂದ ಹೋಯಿತೆಂಬುದು ತಿಳಿಯದು. ಹೋಗದಿದ್ದರೆ ಏಕೆ ಹೋಗಲಿಲ್ಲವೆಂಬುದೂ ತಿಳಿಯದು. ಯಂತ್ರ ಸರಿಹೋದರೂ ಜ್ಞಾನ ಬೆಳೆಯಲಿಲ್ಲ. ಮುಂದಿನ ತಿಂಗಳು ಅದೇ ದೋಷ ಮರುಕಳಿಸಿದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕು.

ಹಾಗಾದರೆ ಕ್ರಮವೇನು? ಮೊದಲು ದೋಷದ ನೆಲೆಯನ್ನು ಗುರುತಿಸತಕ್ಕದ್ದು. ಎಲ್ಲ ದೋಷಗಳೂ ತಂತ್ರಾಂಶದವೇ ಆಗಿರುವುದಿಲ್ಲ. ಫೋಟೋಶಾಪ್ ಎಂಬ ಪ್ರಸಿದ್ಧ ತಂತ್ರಾಂಶವು ದೊಡ್ಡ ಚಿತ್ರಗಳನ್ನು ತಿದ್ದುವಾಗ ಗಣಕಯಂತ್ರದ ಡಿಸ್ಕಿನಲ್ಲಿ ತಾತ್ಕಾಲಿಕ ಸ್ಥಳವನ್ನು ಬಳಸಿಕೊಳ್ಳುತ್ತದೆ. ಡಿಸ್ಕು ತುಂಬಿಹೋಗಿದ್ದರೆ ಅದು ಕೆಲಸಮಾಡಲಾರದು. ಇಲ್ಲಿ ಮರುಸ್ಥಾಪನೆಯಿಂದ ಏನೂ ಆಗದು, ಸ್ಥಳವನ್ನು ತೆರವು ಮಾಡಬೇಕಾದುದಷ್ಟೆ. ಬೇರೆಯವರು ರಚಿಸಿದ ಪ್ಲಗ್‌ಇನ್‌ಗಳಲ್ಲಿ ದೋಷವಿರಬಹುದೆಂಬ ಅನುಮಾನವಿದ್ದರೆ, ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಫೋಟೋಶಾಪನ್ನು ತೆರೆದರಾಯಿತು. ಅದು ಅವುಗಳನ್ನು ಬಿಟ್ಟು ಪ್ರಾರಂಭವಾಗುತ್ತದೆ. ಪರದೆಯ ಮೇಲೆ ಚಿತ್ರ ಒಡೆದಂತೆ ಕಂಡರೆ, ಗ್ರಾಫಿಕ್ಸ್ ಸಂಸ್ಕಾರಕದ ಬಳಕೆಯನ್ನು ಸೆಟ್ಟಿಂಗಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ ನೋಡಬಹುದು. ಇವೆಲ್ಲವೂ ಐದು ನಿಮಿಷದ ಪರೀಕ್ಷೆಗಳು, ಯಾವುದರಿಂದಲೂ ಹಾನಿಯಿಲ್ಲ.

ಇವುಗಳಿಗಿಂತ ಹೆಚ್ಚು ನಿರ್ಣಾಯಕವಾದ ಪರೀಕ್ಷೆ ಇನ್ನೊಂದುಂಟು. ಗಣಕಯಂತ್ರದಲ್ಲಿ ಹೊಸ ಬಳಕೆದಾರನ ಖಾತೆಯೊಂದನ್ನು ತೆರೆದು, ಅಲ್ಲಿಂದ ಅದೇ ತಂತ್ರಾಂಶವನ್ನು ಚಾಲನೆ ಮಾಡಿ ನೋಡುವುದು. ಶರೀರ ಅದೇ, ಗಣಕಯಂತ್ರ ಅದೇ; ಬದಲಾದುದು ನೆನಪು ಒಂದೇ. ಹೊಸ ಖಾತೆಯಲ್ಲಿ ದೋಷ ಕಾಣದಿದ್ದರೆ ಅದರ ನೆಲೆ ಹಳೆಯ ಖಾತೆಯಲ್ಲಿ, ಬಹುಮಟ್ಟಿಗೆ ತಂತ್ರಾಂಶದ ನೆನಪಿನಲ್ಲಿಯೇ ಇದೆಯೆಂದು ತಿಳಿಯಬಹುದು. ಅಲ್ಲಿಯೂ ಕಂಡರೆ ಶರೀರದಲ್ಲಿಯೋ ಯಂತ್ರದಲ್ಲಿಯೋ ಹುಡುಕಬೇಕು. ಒಂದನ್ನೇ ಬದಲಾಯಿಸುವ ಪ್ರಯೋಗಕ್ಕೆ ಇದಕ್ಕಿಂತ ಅಂದವಾದ ಉದಾಹರಣೆ ದೊರೆಯುವುದು ಕಷ್ಟ.

ದೋಷ ನೆನಪಿನಲ್ಲಿದೆಯೆಂದು ತಿಳಿದ ಮೇಲೂ ಅದನ್ನು ಅಳಿಸಬೇಕಾಗಿಲ್ಲ. ತಂತ್ರಾಂಶವನ್ನು ಮುಚ್ಚಿ, ಆ ಫೋಲ್ಡರಿನ ಹೆಸರನ್ನು ಬದಲಾಯಿಸಿದರೆ ಸಾಕು. ತಂತ್ರಾಂಶಕ್ಕೆ ಹಳೆಯ ನೆನಪು ಸಿಗದೆ ಹೊಸದನ್ನು ರಚಿಸಿಕೊಳ್ಳುತ್ತದೆ. ಪ್ರಯೋಜನವಾಗದಿದ್ದರೆ ಹಳೆಯ ಹೆಸರನ್ನು ಮತ್ತೆ ಇಡಬಹುದು. ಗಿಂಪ್‌ನಲ್ಲಿ ಇಲ್ಲೊಂದು ಸೂಕ್ಷ್ಮವುಂಟು. ಅದರ ಪ್ರತಿಯೊಂದು ಮುಖ್ಯ ಆವೃತ್ತಿಗೂ ಬೇರೆಬೇರೆ ನೆನಪಿನ ಫೋಲ್ಡರಿರುತ್ತದೆ. 2025ರಲ್ಲಿ ಬಂದ 3.0 ಆವೃತ್ತಿಯ ಫೋಲ್ಡರ್ ಇಲ್ಲದೆ 2.10ರದು ಇದ್ದರೆ, ಹೊಸ ಆವೃತ್ತಿ ಹಳೆಯದರಿಂದ ಸೆಟ್ಟಿಂಗುಗಳನ್ನು ತಾನಾಗಿಯೇ ನಕಲು ಮಾಡಿಕೊಳ್ಳುತ್ತದೆ. ಆದುದರಿಂದ ಒಳಗಿನ ಒಂದು ಫೋಲ್ಡರನ್ನು ಮಾತ್ರವಲ್ಲದೆ, ಗಿಂಪ್ ಎಂಬ ಹೆಸರಿನ ಹೊರಗಿನ ಫೋಲ್ಡರನ್ನೇ ಪಕ್ಕಕ್ಕಿಡುವುದು ಯುಕ್ತ. ಫೋಟೋಶಾಪ್ ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿಹಿಡಿದರೆ, ಸೆಟ್ಟಿಂಗಿನ ಕಡತವನ್ನು ಅಳಿಸಬಹುದೇ ಎಂದು ಅದೇ ಕೇಳುತ್ತದೆ. ಒಪ್ಪುವ ಮುನ್ನ ನಾವು ಕೂಡಿಸಿಕೊಂಡ ಕುಂಚಗಳನ್ನೂ ಆಕ್ಷನ್‌ಗಳನ್ನೂ ಬೇರೆಡೆಗೆ ಉಳಿಸಿಟ್ಟುಕೊಳ್ಳುವುದು ಅಗತ್ಯ.

ಇಷ್ಟಾದರೂ ದೋಷ ಹೋಗದಿದ್ದರೆ ಆಗ ಸಂಪೂರ್ಣ ಮರುಸ್ಥಾಪನೆ ಮಾಡಬಹುದು. ಆದರೆ ಅಲ್ಲಿಯೂ ಒಂದು ಅಪಾಯವಿದೆ. ನಮ್ಮ ಮಾತಿನ ತಿರುಳು ಇರುವುದು ಇಲ್ಲಿಯೇ. 'ಸಂಪೂರ್ಣ' ಎಂಬ ಮಾತಿಗೆ ಮರುಳಾಗಿ, ತಂತ್ರಾಂಶದ ಹೆಸರು ಎಲ್ಲೆಲ್ಲಿ ಕಾಣುವುದೋ ಅಲ್ಲಲ್ಲಿ ಅಳಿಸುತ್ತ ಹೋಗುವವರುಂಟು. ಲೈಟ್‌ರೂಮ್ ಕ್ಲಾಸಿಕ್ ಎಂಬ ತಂತ್ರಾಂಶವು ಮೂಲ ಛಾಯಾಚಿತ್ರವನ್ನು ಮುಟ್ಟುವುದಿಲ್ಲ. 'ಇಷ್ಟು ಬೆಳಕನ್ನು ಹೆಚ್ಚಿಸು, ಈ ಅಂಚನ್ನು ಕತ್ತರಿಸು' ಎಂಬ ಆದೇಶಗಳನ್ನು ಮಾತ್ರ ಕ್ಯಾಟಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಆ ಕಡತವು ಸಾಮಾನ್ಯವಾಗಿ ಚಿತ್ರಗಳ ಫೋಲ್ಡರಿನಲ್ಲಿ, ಲೈಟ್‌ರೂಮ್ ಎಂಬ ಹೆಸರಿನಲ್ಲಿಯೇ ಇರುತ್ತದೆ. ಹೆಸರನ್ನು ನೋಡಿ ಇದೂ ತಂತ್ರಾಂಶದ ಕಸವೆಂದು ಅಳಿಸಿದರೆ, ಬೇರೆ ಏರ್ಪಾಡನ್ನು ಮಾಡಿಕೊಂಡಿರದವನ ಹಲವು ವರ್ಷಗಳ ತಿದ್ದುವಿಕೆಯ ಶ್ರಮವೆಲ್ಲ ಒಂದು ಕ್ಷಣದಲ್ಲಿ ನಷ್ಟವಾಗುತ್ತದೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತಾಗುತ್ತದೆ. ತಂತ್ರಾಂಶ ಮತ್ತೆ ದೊರೆಯುತ್ತದೆ, ಶ್ರಮ ದೊರೆಯುವುದಿಲ್ಲ.

ಕೆಲವೊಮ್ಮೆ ತಂತ್ರಾಂಶವೂ ಮತ್ತೆ ದೊರೆಯದು. ಎಷ್ಟೋ ಮನೆಗಳಲ್ಲಿ ಬಳಕೆಯಲ್ಲಿದ್ದ ಪಿಕಾಸಾ ಎಂಬ ತಂತ್ರಾಂಶವನ್ನು ಗೂಗಲ್ ಸಂಸ್ಥೆ 2016ರಲ್ಲಿ ನಿಲ್ಲಿಸಿತು. ಅಂಥದನ್ನು ಕಿತ್ತುಹಾಕಿದವನು, ಸ್ಥಾಪನೆಯ ಕಡತ ತನ್ನಲ್ಲಿ ಇಲ್ಲದಿದ್ದರೆ, ಮರಳಿ ಹಾಕಿಕೊಳ್ಳಲು ರಚಿಸಿದ ಸಂಸ್ಥೆಯ ಬಾಗಿಲಿಗೆ ಹೋಗುವಂತಿಲ್ಲ. ಅಪರಿಚಿತ ಮೂಲಗಳಿಂದ ತಂದುದು ಗಣಕಯಂತ್ರಕ್ಕೆ ಹೊಸ ರೋಗವನ್ನೇ ಅಂಟಿಸಬಹುದು. ಆದಕಾರಣ ಕೀಳುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು: ನಮ್ಮ ಚಿತ್ರಗಳ ಮತ್ತು ತಿದ್ದುವಿಕೆಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿ ಇದೆಯೇ? ಸ್ಥಾಪನೆಯ ಕಡತವೂ ಅನುಮತಿಯೂ ಕೈಯಲ್ಲಿವೆಯೇ? ಅಳಿಸಲಿರುವ ಪ್ರತಿಯೊಂದು ಫೋಲ್ಡರಿನೊಳಗೆ ಏನಿದೆಯೆಂದು ತೆರೆದು ನೋಡಿದ್ದೇವೆಯೇ? ಈ ಮೂರಕ್ಕೂ 'ಹೌದು' ಎಂಬ ಉತ್ತರ ದೊರೆತ ಬಳಿಕ, ಮೊದಲು ತಂತ್ರಾಂಶದ ಅನ್‌ಇನ್‌ಸ್ಟಾಲ್ ಕ್ರಮದಿಂದಲೇ ಅದನ್ನು ತೆಗೆದು, ಉಳಿದ ನೆನಪನ್ನು ಪಕ್ಕಕ್ಕಿಟ್ಟು, ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿ, ರಚಿಸಿದವರ ಸ್ವಂತ ತಾಣದಿಂದ ಪಡೆದ ಪ್ರತಿಯನ್ನು ಸ್ಥಾಪಿಸುವುದು ಸರಿಯಾದ ಕ್ರಮ. ಅಡೋಬಿ ಸಂಸ್ಥೆಯ ತಂತ್ರಾಂಶಗಳು ಹೀಗೂ ಹೋಗದೆ ಹಟಹಿಡಿದರೆ ಆ ಸಂಸ್ಥೆಯೇ ಒದಗಿಸಿರುವ ಶುದ್ಧೀಕರಣದ ಸಾಧನವೊಂದುಂಟು. ವಿಂಡೋಸಿನ ರಿಜಿಸ್ಟ್ರಿಯನ್ನು ಶುದ್ಧಿ ಮಾಡುತ್ತೇವೆಂದು ಹೇಳಿಕೊಳ್ಳುವ ಇತರರ ಸಾಧನಗಳಿಂದ ಮಾತ್ರ ದೂರವಿರುವುದು ಲೇಸು. ಅವುಗಳ ಬಳಕೆಗೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ತಿಳಿಸಿದೆ.

ನಮ್ಮ ಈ ಮಾತಿಗೆ ಒಂದು ಆಕ್ಷೇಪಣೆ ಬರಬಹುದು. ಮದುವೆಯ ಕಾಲದಲ್ಲಿ ನೂರಾರು ಚಿತ್ರಗಳನ್ನು ನಾಳೆಯೇ ಒಪ್ಪಿಸಬೇಕಾದ ಛಾಯಾಗ್ರಾಹಕನಿಗೆ ದೋಷದ ಕಾರಣದಿಂದ ಆಗಬೇಕಾದುದೇನು? ಅವನಿಗೆ ಬೇಕಾದುದು ಪರಿಹಾರ, ತತ್ತ್ವವಲ್ಲ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಫೋಲ್ಡರಿನ ಹೆಸರನ್ನು ಬದಲಾಯಿಸಲು ಬೇಕಾಗುವುದು ಒಂದು ನಿಮಿಷ; ದೊಡ್ಡ ತಂತ್ರಾಂಶವೊಂದನ್ನು ಮರುಸ್ಥಾಪಿಸಲು ಬೇಕಾಗುವ ಕಾಲ ಅದರ ಹಲವು ಪಟ್ಟು. ಅವಸರವಿದ್ದವನಿಗೇ ಸೌಮ್ಯ ಮಾರ್ಗ ಹೆಚ್ಚು ಲಾಭಕರ.

ತಂತ್ರಾಂಶಗಳನ್ನು ರಚಿಸುವವರಿಗೂ ಹೇಳಬೇಕಾದ ಮಾತೊಂದಿದೆ. ಅವರು ನೆನಪನ್ನು ಉಳಿಸಿಹೋಗುವುದು ಸದುದ್ದೇಶದಿಂದಲೇ. ಹೊಸ ಆವೃತ್ತಿಯನ್ನು ಹಾಕಿಕೊಂಡಾಗ ಹಳೆಯ ಕುಂಚಗಳು ಹಾಗೆಯೇ ದೊರೆಯಲೆಂಬುದು ಅವರ ಆಶಯ. ಉಳಿಸುವುದರಲ್ಲಿ ದೋಷವಿಲ್ಲ; ಉಳಿಸಿದುದನ್ನು ಹೇಳದೆ ಹೋಗುವುದರಲ್ಲಿ ದೋಷವಿದೆ. ಅಡೋಬಿಯ ತಂತ್ರಾಂಶಗಳನ್ನು ತೆಗೆಯುವಾಗ ಸೆಟ್ಟಿಂಗುಗಳನ್ನು ಉಳಿಸಬೇಕೇ ತೆಗೆಯಬೇಕೇ ಎಂಬ ಪ್ರಶ್ನೆ ಬರುತ್ತದೆ. ಇದು ಮೆಚ್ಚತಕ್ಕ ಪದ್ಧತಿ. ಪ್ರತಿಯೊಂದು ತಂತ್ರಾಂಶವೂ ಹೋಗುವ ಮುನ್ನ "ಇಂಥಿಂಥ ಕಡತಗಳನ್ನು ಇಂಥ ಕಡೆ ಬಿಟ್ಟಿದ್ದೇನೆ" ಎಂದು ಸರಳವಾದ ಭಾಷೆಯಲ್ಲಿ, ಸಾಧ್ಯವಾದರೆ ಬಳಕೆದಾರನ ತಾಯ್ನುಡಿಯಲ್ಲಿ, ತಿಳಿಸಿ ಹೋಗಬೇಕು. ಬಾಡಿಗೆ ಮನೆಯನ್ನು ಬಿಟ್ಟುಹೋಗುವವನು ಬೀಗದ ಕೈಯನ್ನೊಪ್ಪಿಸಿ, ಅಟ್ಟದ ಮೇಲೆ ಏನಿಟ್ಟಿದ್ದೇನೆಂದು ಹೇಳಿಹೋಗುವುದಿಲ್ಲವೆ?

ನಮ್ಮ ಕಿರಿಯ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ಸಲ ತಂತ್ರಾಂಶ ಕೆಟ್ಟಾಗ ಒಂದು ಕಾಗದವನ್ನು ತೆಗೆದುಕೊಳ್ಳಿರಿ. ದೋಷ ಯಾವಾಗ ಕಾಣಿಸಿತು, ಅದಕ್ಕೆ ಮುಂಚೆ ಏನು ಬದಲಾಗಿತ್ತು ಎಂಬುದನ್ನು ಬರೆಯಿರಿ. ಅನಂತರ ಒಂದೊಂದನ್ನೇ ಬದಲಾಯಿಸುತ್ತ, ಫಲವನ್ನು ಎದುರಿಗೆ ಗುರುತು ಮಾಡುತ್ತ ಹೋಗಿರಿ. ಹೀಗೆ ದೋಷವನ್ನು ಹುಡುಕಿ ಹಿಡಿದವನಿಗೆ ಎರಡನೆಯ ಸಲ ಅದೇ ದೋಷದ ಭಯವಿರುವುದಿಲ್ಲ. ಪಕ್ಕದವನ ಯಂತ್ರ ಕೆಟ್ಟಾಗ ನೆರವಾಗುವ ಸಾಮರ್ಥ್ಯವೂ ಅವನಿಗೆ ಬಂದಿರುತ್ತದೆ.