ಬೀರುವಿನೊಳಗಿನ ಸೂಕ್ಷ್ಮದರ್ಶಕ

ಒಂಬತ್ತನೆಯ ತರಗತಿಯಲ್ಲಿ ‘ಕೆಲಸ’ ಎಂಬ ಪಾಠ ಮಾಡುತ್ತಿದ್ದೆ. ತಲೆಯ ಮೇಲೆ ಮೂಟೆ ಹೊತ್ತು ದಿನವಿಡೀ ನಿಂತವನು ಎಷ್ಟೇ ಬೆವರಿದರೂ, ವಿಜ್ಞಾನದ ಲೆಕ್ಕದಲ್ಲಿ ಮೂಟೆಯ ಮೇಲೆ ಆತ ಮಾಡಿದ ಕೆಲಸ ಸೊನ್ನೆ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದ. “ಸಾರ್, ವಿಧಾನಸಭೆಯನ್ನು ಬೆಂಗಳೂರಿನಿಂದ ಬೆಳಗಾವಿಗೆ ಹೊತ್ತೊಯ್ಯುತ್ತಾರಲ್ಲ, ಅದು ಕೆಲಸವೋ ಬರೀ ಖರ್ಚೋ?” ತರಗತಿಯೆಲ್ಲ ನಕ್ಕಿತು. ಮನೆಯಲ್ಲಿ ತಂದೆ ಆಡಿದ ಮಾತನ್ನೇ ಹುಡುಗ ತಂದಿರಬೇಕು. ಆದರೆ ಪ್ರಶ್ನೆ ಒಳ್ಳೆಯದು. ಪಾಠ ನಿಲ್ಲಿಸಿ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಕೊಡುತ್ತೇನೆ.

ಮೊದಲು ಸಂಗತಿ. ಬೆಳಗಾವಿಯಲ್ಲಿ ನಮ್ಮ ವಿಧಾನಮಂಡಲ ಮೊದಲ ಬಾರಿ ಸೇರಿದ್ದು 2006ರ ಸೆಪ್ಟೆಂಬರಿನಲ್ಲಿ. ಆಗ ಅಲ್ಲಿ ಸ್ವಂತ ಕಟ್ಟಡವಿರಲಿಲ್ಲ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಕಟ್ಟಡಕ್ಕೆ ತಗಲಿದ್ದು ಸುಮಾರು 400 ಕೋಟಿ ರೂಪಾಯಿ. ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಹತ್ತು ದಿನ ಅಲ್ಲಿ ಅಧಿವೇಶನ. ವಿಧಾನಸಭೆಯ 224, ಪರಿಷತ್ತಿನ 75, ಒಟ್ಟು 299 ಸದಸ್ಯರು. ಅವರ ಹಿಂದೆ ಅಧಿಕಾರಿಗಳು, ಸಿಬ್ಬಂದಿ, ಪೊಲೀಸರು, ಪತ್ರಕರ್ತರು.

ಈಗ ಲೆಕ್ಕ. ಖರ್ಚಿನಲ್ಲಿ ಎರಡು ಬಗೆ: ಒಮ್ಮೆ ಹೂಡಿ ಮುಗಿಯುವ ಸ್ಥಿರ ಖರ್ಚು, ಪ್ರತಿ ಸಲವೂ ಆಗುವ ಚರ ಖರ್ಚು. ಚರ ಖರ್ಚನ್ನು ಮೊದಲು ನೋಡೋಣ. ಬೆಂಗಳೂರಿಗೂ ಬೆಳಗಾವಿಗೂ ಸುಮಾರು 500 ಕಿಲೋಮೀಟರ್. ಹೋಗಿ ಬರಲು 1000. ಸಾವಿರ ಕಾರುಗಳು ಹೊರಟವು ಎಂದಿಟ್ಟುಕೊಳ್ಳಿ (ಇದು ಅಂಕಿಅಂಶವಲ್ಲ, ನಮ್ಮ ಊಹೆ). ಲೀಟರಿಗೆ 12 ಕಿಲೋಮೀಟರ್ ಎಂದರೂ 83 ಸಾವಿರ ಲೀಟರ್ ಡೀಸೆಲ್ ಉರಿಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್. ಅಂದರೆ 220 ಟನ್ನಿಗೂ ಹೆಚ್ಚು! ಕಾರಿಗೆ ಮೂವರಂತೆ ಆ ಮೂರು ಸಾವಿರ ಜನ 40 ಆಸನಗಳ ಬಸ್ಸಿನಲ್ಲಿ ಹೋದರೆ 75 ಬಸ್ಸು ಸಾಕು. ಬಸ್ಸು ಲೀಟರಿಗೆ 5 ಕಿಲೋಮೀಟರ್ ಓಡಿದರೆ ಬೇಕಾಗುವುದು 15 ಸಾವಿರ ಲೀಟರ್, ಐದನೆಯ ಒಂದು ಪಾಲಿಗೂ ಕಡಿಮೆ. ಹೀಗೆ ಸ್ಥಳಾಂತರದ ಖರ್ಚಿನಲ್ಲಿ ಒಂದಿಷ್ಟು ದೂರದ್ದು, ಒಂದಿಷ್ಟು ದೊಡ್ಡಸ್ತಿಕೆಯದು.

ಇನ್ನು ಸ್ಥಿರ ಖರ್ಚು. 400 ಕೋಟಿಯನ್ನು ಐವತ್ತು ವರ್ಷಕ್ಕೆ ಹಂಚೋಣ. ವರ್ಷಕ್ಕೆ ಹತ್ತು ದಿನದಂತೆ 500 ದಿನ. ದಿನಕ್ಕೆ 80 ಲಕ್ಷ. ದಿನಕ್ಕೆ ಎಂಟು ಗಂಟೆ ಕಲಾಪ ನಡೆದರೆ ಗಂಟೆಗೆ 10 ಲಕ್ಷ. ನಿಮಿಷಕ್ಕೆ ಹದಿನಾರು ಸಾವಿರಕ್ಕೂ ಮಿಕ್ಕಿ. ಬಡ್ಡಿ, ವಿದ್ಯುತ್ತು, ಸುಣ್ಣಬಣ್ಣ ಇದರಲ್ಲಿ ಸೇರಿಲ್ಲ. ಗದ್ದಲದಿಂದ ಅರ್ಧ ಗಂಟೆ ಕಲಾಪ ಮುಂದೂಡಿದರೆ ಎಷ್ಟು ಹೋಯಿತು, ನೀವೇ ಗುಣಿಸಿ. 2019 ಮತ್ತು 2020ರಲ್ಲಿ ಅಲ್ಲಿ ಅಧಿವೇಶನ ನಡೆಯಲೇ ಇಲ್ಲ. 2022ರಲ್ಲಿ ಸೌಧದ ಮುಂದೆ ಶಾವಿಗೆ ಒಣಹಾಕಿದ ಚಿತ್ರ ಪತ್ರಿಕೆಗಳಲ್ಲಿ ಬಂದು ನಾಡೆಲ್ಲ ನಕ್ಕಿತು. ಖಾಲಿ ಅಂಗಳ, ಒಳ್ಳೆಯ ಬಿಸಿಲು. ಶಾವಿಗೆ ಹಾಕಿದವರನ್ನು ದೂರಿ ಏನು ಪ್ರಯೋಜನ?

ಇಷ್ಟಕ್ಕೇ ನಿಲ್ಲಿಸಿದರೆ ಹುಡುಗನ ತಂದೆ ಹೇಳಿದ್ದೇ ಸರಿ ಎನಿಸುತ್ತದೆ. ಆದರೆ ತಕ್ಕಡಿಗೆ ಇನ್ನೊಂದು ತಟ್ಟೆಯೂ ಉಂಟು. ಶಾಸಕರು ಬೆಳಗಾವಿಗೆ ಬರದಿದ್ದರೆ ಅಥಣಿಯ ಕಬ್ಬು ಬೆಳೆಗಾರ ಬೆಂಗಳೂರಿಗೆ ಹೋಗಬೇಕು. ರಾತ್ರಿಯಿಡೀ ಪ್ರಯಾಣ, ಬಸ್ ಚಾರ್ಜು, ಲಾಡ್ಜು, ಎರಡು ದಿನದ ದುಡಿಮೆ. ಈ ಖರ್ಚು ಯಾವ ಬಜೆಟ್ಟಿನಲ್ಲೂ ಕಾಣಿಸದು, ಏಕೆಂದರೆ ಅದು ಅವನ ಜೇಬಿನದು. ಜೊತೆಗೆ ಮಹಾರಾಷ್ಟ್ರವು ಬೆಳಗಾವಿ ತನ್ನದೆಂದು ದಶಕಗಳಿಂದ ವಾದಿಸುತ್ತಿದೆ. ಮಹಾಜನ ಆಯೋಗ 1967ರಲ್ಲಿ ಅದು ಕರ್ನಾಟಕದಲ್ಲೇ ಇರಬೇಕೆಂದಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಂಥ ಊರಿನಲ್ಲಿ ವಿಧಾನಮಂಡಲ ಸೇರುವುದಕ್ಕೆ ಇರುವ ಅರ್ಥ ರೂಪಾಯಿಯಲ್ಲಿ ಅಳೆಯುವಂಥದ್ದಲ್ಲ.

ನೆರೆಯ ಮಹಾರಾಷ್ಟ್ರದಲ್ಲೂ ಹೀಗೇ. ವರ್ಷಕ್ಕೊಂದು ಅಧಿವೇಶನ ನಾಗಪುರದಲ್ಲಿ ಎಂಬ ಮಾತು 1953ರ ಒಪ್ಪಂದದಷ್ಟು ಹಳೆಯದು. ಜಮ್ಮು–ಕಾಶ್ಮೀರದ ಕಥೆ ಇನ್ನೂ ದೊಡ್ಡದು. 1872ರಲ್ಲಿ ಮಹಾರಾಜ ರಣಬೀರ್ ಸಿಂಗ್ ಆರಂಭಿಸಿದ ಪದ್ಧತಿಯಂತೆ ಸರಕಾರವೇ ಬೇಸಿಗೆಗೆ ಶ್ರೀನಗರಕ್ಕೆ, ಚಳಿಗಾಲಕ್ಕೆ ಜಮ್ಮುವಿಗೆ ಲಾರಿಗಟ್ಟಲೆ ಕಡತಗಳೊಂದಿಗೆ ಹೋಗುತ್ತಿತ್ತು. 2021ರಲ್ಲಿ ಅದನ್ನು ನಿಲ್ಲಿಸಿದಾಗ ವರ್ಷಕ್ಕೆ 200 ಕೋಟಿ ಉಳಿತಾಯ ಎಂದರು. ಆದರೆ ಚಳಿಗಾಲದ ವ್ಯಾಪಾರ ಹೋಯಿತೆಂದು ಜಮ್ಮುವಿನ ವರ್ತಕರು ದೂರಿದರು. 2025ರಲ್ಲಿ ಪದ್ಧತಿ ಮತ್ತೆ ಶುರುವಾಯಿತು. ಬೊಕ್ಕಸದಲ್ಲಿ ಉಳಿದದ್ದು ಇನ್ನೆಲ್ಲೋ ಕಳೆದಿರಬಹುದು, ಎರಡನ್ನೂ ನೋಡಬೇಕು.

ಹಾಗಾದರೆ ಉತ್ತರವೇನು? ನನಗೆ ಹಳೆಯದೊಂದು ನೆನಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಶಾಲೆಗೆ ಒಂದು ಸೂಕ್ಷ್ಮದರ್ಶಕ ಬಂದಿತ್ತು. ದುಬಾರಿ ವಸ್ತು, ಮಕ್ಕಳು ಮುಟ್ಟಿ ಹಾಳುಮಾಡಿಯಾರು ಎಂದು ಮುಖ್ಯೋಪಾಧ್ಯಾಯರು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಮೇಜಿನ ಮೇಲೆ ಬರುತ್ತಿತ್ತು. ನಾನೂ ಕೀಲಿ ಕೇಳುವ ಧೈರ್ಯ ಮಾಡಲಿಲ್ಲ. ಮೂರು ವರ್ಷದ ಬಳಿಕ ತೆಗೆದು ನೋಡಿದರೆ ಮಸೂರಕ್ಕೆ ಬೂಷ್ಟು ಹಿಡಿದಿತ್ತು. ಆ ಮೂರು ತಂಡದ ಮಕ್ಕಳು ಈರುಳ್ಳಿಯ ಸಿಪ್ಪೆಯ ಜೀವಕೋಶ ನೋಡದೆಯೇ ಪರೀಕ್ಷೆಯಲ್ಲಿ ಅದರ ಚಿತ್ರ ಬರೆದರು. ದುಡ್ಡು ವ್ಯರ್ಥವಾದದ್ದು ಕೊಂಡದ್ದರಿಂದಲ್ಲ, ಬಳಸದ್ದರಿಂದ.

ಸೌಧದ ಲೆಕ್ಕವೂ ಅದೇ. ವರ್ಷಕ್ಕೆ ನಲವತ್ತು ದಿನ ಬಳಸಿದರೆ ದಿನದ 80 ಲಕ್ಷ 20 ಲಕ್ಷಕ್ಕಿಳಿಯುತ್ತದೆ. ಕೆಲವು ಸರಕಾರಿ ಕಚೇರಿಗಳು ಅಲ್ಲಿಗೆ ಬಂದಿವೆ. ಮುಖ್ಯ ಇಲಾಖೆಗಳ ಕಚೇರಿಗಳೂ ಬರಲಿ ಎಂಬ ಉತ್ತರ ಕರ್ನಾಟಕದವರ ಬೇಡಿಕೆ ಹಳೆಯದು. ಹತ್ತು ದಿನವಾದರೂ ಆ ಭಾಗದ ನೀರು, ಬೆಳೆ, ಶಾಲೆಗಳ ಮಾತಿಗೇ ಮೀಸಲಾದರೆ ಖರ್ಚು ‘ಕೆಲಸ’ವಾದೀತು.

ಹುಡುಗನಿಗೆ ಹೇಳಿದೆ: “ಮೂಟೆ ಎಷ್ಟು ದೂರ ಹೋಯಿತೆಂದು ಮಾತ್ರ ಕೇಳಬೇಡ. ಬಿಚ್ಚಿದರೋ ಇಲ್ಲವೋ, ಅದನ್ನೂ ಕೇಳು.” ಮುಂದಿನ ಅಧಿವೇಶನದಲ್ಲಿ ಮಕ್ಕಳೇ, ಒಂದು ನೋಟ್‌ಬುಕ್ ಇಡಿ. ದಿನವೂ ಪತ್ರಿಕೆ ನೋಡಿ ಎಷ್ಟು ಹೊತ್ತು ಕಲಾಪ ನಡೆಯಿತು, ಯಾವ ಊರಿನ ಮಾತು ಬಂತು ಎಂದು ಬರೆದಿಡಿ. ತಂದೆತಾಯಿಯರೂ ಜೊತೆಗೆ ಕೂತು ಓದಲಿ.